ಒಂದು ತಪ್ಪು ಬರೆಯಿರಿ

ತರಬೇತಿಯ ಕೊನೆಯ ದಿನ, ಎಲ್ಲರ ಕಣ್ಣು ಬಾಗಿಲ ಕಡೆ ಇರುವ ಹೊತ್ತಿಗೆ, ನನ್ನ ಅಕ್ಕ ಒಬ್ಬೊಬ್ಬರ ಕೈಗೂ ಅರ್ಧ ಹಾಳೆ ಕೊಡುತ್ತಿದ್ದಳು. ಖಾಲಿ ಹಾಳೆ. ಅದರ ಮೇಲೆ ಪ್ರಶ್ನೆ ಇರುತ್ತಿರಲಿಲ್ಲ, ಗುರುತು ಹಾಕುವ ಚೌಕವೂ ಇರುತ್ತಿರಲಿಲ್ಲ. "ಮೂರು ದಿನದಾಗ ನಾ ಕಲಿಸೋದ್ರಾಗ ಎಲ್ಲಿ ತಪ್ಪಿದೆ, ಒಂದು ತಪ್ಪು ಬರೀರಿ. ಹೆಸರು ಬರೀಬ್ಯಾಡ್ರಿ. ಎಲ್ಲಾ ಛಲೋ ಆತು ಅಂತ ಬರದ್ರ ಅದನ್ನ ನಾ ಓದಂಗಿಲ್ಲ," ಎನ್ನುತ್ತಿದ್ದಳು.

ಮಂದಿಗೆ ಇದು ವಿಚಿತ್ರ ಅನ್ನಿಸುತ್ತಿತ್ತು. ಕಲಿಸಿದವರ ತಪ್ಪನ್ನು ಬರೆದು ಅವರ ಕೈಗೇ ಕೊಡುವುದು ನಮ್ಮ ಕಡೆ ಎಲ್ಲಿದೆ? ಮೊದಮೊದಲು ಕುರ್ಚಿ ಗಟ್ಟಿ ಇವೆ ಎಂದು ಬರೆದರು. ಒಬ್ಬರು ಸಾರಿಗೆ ಉಪ್ಪು ಸಾಲದು ಎಂದು ಬರೆದಿದ್ದರು. ಅಕ್ಕ ಆ ಹಾಳೆಯನ್ನು ಎತ್ತಿ ಹಿಡಿದು, "ಸಾರು ಮಾಡಿದಾಕಿ ನಾ ಅಲ್ರಿ" ಎಂದು ಎಲ್ಲರಿಗೂ ಇನ್ನೊಂದು ಹಾಳೆ ಹಂಚಿಸಿದಳು. ಹಂಚಿದವನು ನಾನು.

ಆ ಹಾಳೆಗಳ ಕಟ್ಟನ್ನು ನಾನು ಒಂದು ದಿನ ಕೊಡಬಾರದವರ ಕೈಗೆ ಕೊಟ್ಟೆ. ನಾನು ಹೇಳಬೇಕಾದದ್ದು ಅದು. ಆದರೆ ಅಕ್ಕ ಎಂಥವಳು ಎಂದು ಹೇಳದೆ ಅದನ್ನಷ್ಟೇ ಹೇಳಿದರೆ, ನಾನು ಏನು ಮಾಡಿದೆ ಎನ್ನುವುದು ಯಾರಿಗೂ ತಿಳಿಯುವುದಿಲ್ಲ.

ಅವಳು ತೀರಿಕೊಂಡು ನಾಲ್ಕು ತಿಂಗಳಾಯಿತು. ಹೆಸರು ಬರೆಯುವುದಿಲ್ಲ. ಒಂದು ವಿಶ್ವವಿದ್ಯಾಲಯದ ತರಬೇತಿ ವಿಭಾಗದಲ್ಲಿ ಇದ್ದಳು. ವಿದ್ಯಾರ್ಥಿಗಳಿಗೂ ಅವಳಿಗೂ ಸಂಬಂಧ ಇರಲಿಲ್ಲ. ಕೆಲಸಗಾರರ ಮೇಲಿರುವವರಿಗೆ ಕಲಿಸುವುದು ಅವಳ ಕೆಲಸ: ಕಚೇರಿಯ ಸೂಪರಿಂಟೆಂಡೆಂಟರು, ಹಾಸ್ಟೆಲಿನ ಅಡುಗೆಮನೆ ನೋಡಿಕೊಳ್ಳುವವರು, ತೋಟದ ಮೇಸ್ತ್ರಿಗಳು, ಪ್ರಯೋಗಾಲಯದ ಹಿರಿಯ ಸಹಾಯಕರು. ಬೇಳೆ ಮಿಲ್ಲುಗಳಲ್ಲಿ ಹೊಸಬರಿಗೆ ಕೆಲಸ ತೋರಿಸಿಕೊಡುವವರೂ ಕೆಲವರು ಬರುತ್ತಿದ್ದರು. ಆಳಂದ, ಅಫಜಲಪುರ, ಜೇವರ್ಗಿ, ಮೂರೂ ಕಡೆ ಕಾಲೇಜಿನ ಒಂದು ಕೋಣೆ ಕೇಳಿಕೊಂಡು ಮೂರು ಮೂರು ದಿನ ನಡೆಸುತ್ತಿದ್ದಳು. ಕೆಲಸ ಬಲ್ಲವರಿಗೆಲ್ಲ ಕೆಲಸ ಕಲಿಸಲು ಬರುತ್ತದೆ ಎಂದು ನಾವು ತಿಳಿದಿದ್ದೇವಲ್ಲ, ಅದು ಸುಳ್ಳು ಎನ್ನುವುದೊಂದೇ ಅವಳ ಹಟ.

ಕೋಣೆಯ ಹೊರಗೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಓಡಾಡುತ್ತಿದ್ದಳು. ಜೇವರ್ಗಿಯಲ್ಲಿ ಒಬ್ಬ ಮೇಸ್ತ್ರಿ, ಇದೇನು ಗುಡಿಯೇನ್ರಿ ಎಂದು ಕೇಳಿದ. ಮೇಲಿನವರ ಚಪ್ಪಲಿ ಸಪ್ಪಳ ಕೇಳಿದ ಕೂಡಲೇ ಕೆಳಗಿನವರು ತಪ್ಪು ಮುಚ್ಚಿಡುತ್ತಾರೆ, ನಿಮ್ಮ ತೋಟದಲ್ಲಿ ನೋಡಿ ಎಂದಳು. ಅವನು ಮರುದಿನ ಬಂದು, ಖರೇ ಅದರಿ ಎಂದ.

ಮೃದು ಸ್ವಭಾವದವಳೇನಲ್ಲ. ಹೊತ್ತು ಮೀರಿ ಬಂದವರನ್ನು ಬಾಗಿಲಲ್ಲೇ ನಿಲ್ಲಿಸುತ್ತಿದ್ದಳು. ಯಾರ ಮನೆಯ ಚಹಾವನ್ನೂ ಕುಡಿಯುತ್ತಿರಲಿಲ್ಲ. ಮಧ್ಯಾಹ್ನ ನಮ್ಮ ಬುತ್ತಿಯ ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ. ಅದನ್ನೂ ಮಂದಿಯ ನಡುವೆ ಕೂತು, ಅವರ ಕೆಲಸದ ಮಾತು ಕೇಳುತ್ತ ತಿನ್ನುತ್ತಿದ್ದಳು.

ನಾನು ಅದೇ ವಿಭಾಗದಲ್ಲಿ ದಿನಗೂಲಿ. ಪೆಟ್ಟಿಗೆ ಹೊರುವುದು, ಜಮಖಾನೆ ಹಾಸುವುದು, ಹಾಜರಿ ಪುಸ್ತಕ ಇಡುವುದು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟು ಆಳಂದದ ಬೇಳೆ ಮಿಲ್ಲಿಗೆ ಹೋದವನು. ಅಲ್ಲಿ ಇದ್ದ ಅಕ್ಷರವೂ ಮರೆತುಹೋಯಿತು. ಇಪ್ಪತ್ತು ದಾಟಿದ ಮೇಲೆ ಅಕ್ಕ ನನ್ನನ್ನು ಬಸ್‌ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ ಬಸ್ಸಿನ ಬೋರ್ಡು ಓದಿಸುವುದಕ್ಕೆ ಶುರು ಮಾಡಿದಳು. ಬಸ್ಸು ಹೊರಡುವುದರೊಳಗೆ ಓದಬೇಕು. ಓದಿದರೆ ಕಡಲೆ, ಇಲ್ಲದಿದ್ದರೆ ಮುಂದಿನ ಬಸ್ಸಿನವರೆಗೆ ಬಿಸಿಲಲ್ಲಿ ನಿಲ್ಲುವುದು. ಒಂದು ಬೇಸಿಗೆ ಪೂರ್ತಿ ಹೀಗೆ ನಿಂತು ನಾನು ಓದುವವನಾದೆ. ನಿಧಾನ ಓದುತ್ತೇನೆ, ಆದರೆ ತಪ್ಪಿಲ್ಲದೆ ಓದುತ್ತೇನೆ.

ಹಾಳೆಗಳನ್ನು ನನ್ನ ಕೈಲೇ ಓದಿಸುತ್ತಿದ್ದಳು. ಅವಳ ಕಣ್ಣಿಗೆ ಬಸ್ಸಿನ ಕುಲುಕಾಟದಲ್ಲಿ ಅಕ್ಷರ ನಿಲ್ಲುತ್ತಿರಲಿಲ್ಲ. ಅಫಜಲಪುರದಿಂದ ತಿರುಗಿ ಬರುವಾಗ ನಾನು ಒಂದೊಂದೇ ಹಾಳೆ ಬಿಡಿಸಿ ಓದುವುದು, ಅವಳು ಕಿಟಕಿ ಕಡೆ ಮುಖ ಮಾಡಿ ಕೇಳುವುದು. ಚೌಡಾಪುರದಲ್ಲಿ ಗಾಣಗಾಪುರಕ್ಕೆ ಹೋಗಿಬಂದ ಮಂದಿ ಹತ್ತಿ ನಮ್ಮ ತಲೆಯ ಮೇಲೆ ನಿಲ್ಲುತ್ತಿದ್ದರು. ಒಮ್ಮೆ ನಾನು, "ಮೇಡಂ ಒಂದ ಮಾತು ನಾಕು ಸರ್ತಿ ಹೇಳ್ತಾರ, ನಿದ್ದಿ ಬರ್ತದ" ಎಂದು ಓದಿದಾಗ ಹಿಂದೆ ನಿಂತಿದ್ದ ಮುದುಕ, ಯಾರ ಬಗ್ಗೆ ಓದಾಕತ್ತಿಯೋ ತಮ್ಮಾ ಎಂದು ಕೇಳಿದ. ಅಕ್ಕ ತಿರುಗಿ, "ನನ್ನ ಬಗ್ಗೇರಿ ಕಾಕಾ" ಎಂದಳು. ಮುದುಕನಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಅವೆಲ್ಲದರಲ್ಲಿ ಒಂದು ಹಾಳೆಯ ಬಗ್ಗೆ ಬರೆಯಬೇಕು.

ಅಫಜಲಪುರದ ತರಬೇತಿಯಲ್ಲಿ ಅಕ್ಕ ರೊಟ್ಟಿಯ ಆಟ ಆಡಿಸುತ್ತಿದ್ದಳು. ಜೋಳದ ಹಿಟ್ಟು, ಒಲೆ, ಹಂಚು ಎಲ್ಲ ನಾನೇ ಹೊತ್ತು ಒಯ್ದಿದ್ದೆ. ರೊಟ್ಟಿ ಬಡಿಯಲು ಬರುವವರು ಬಾರದವರಿಗೆ ಕಲಿಸಬೇಕು. ಕಲಿಸುವವರು ಕೈ ಹಿಂದೆ ಕಟ್ಟಿಕೊಳ್ಳಬೇಕು, ಬಾಯಲ್ಲೇ ಹೇಳಬೇಕು. ಅಲ್ಲಿಯ ಹಾಸ್ಟೆಲಿನ ಅಡುಗೆಮನೆ ನೋಡಿಕೊಳ್ಳುವ ಭಾಗಮ್ಮನನ್ನು ಎಬ್ಬಿಸಿದಳು. ದಿನಾ ಬುಟ್ಟಿಗಟ್ಟಲೆ ರೊಟ್ಟಿ ಬಡಿಯುವ ಹೆಣ್ಣುಮಗಳು. ಕಲಿಯಬೇಕಾದವರು ಒಬ್ಬ ಸೂಪರಿಂಟೆಂಡೆಂಟರು.

"ಹಿಟ್ಟಿಗಿ ಎಸರು ಹಾಕ್ರಿ," ಎಂದಳು ಭಾಗಮ್ಮ.

"ಎಷ್ಟವ್ವ?"

"ಹಾಕ್ತಾ ಹೋಗ್ರಿ, ಗೊತ್ತಾಗ್ತದ."

"ಯಾರಿಗಿ? ನನಗೋ, ಹಿಟ್ಟಿಗೋ?"

ಕೋಣೆ ನಕ್ಕಿತು. ಅವರು ತಂಬಿಗೆಯ ಬಿಸಿನೀರನ್ನೆಲ್ಲ ಸುರಿದರು. ಹಿಟ್ಟು ಅಂಬಲಿಯಾಯಿತು. ಮತ್ತೆ ನಗೆ. ಭಾಗಮ್ಮ ಕೈ ಹಿಂದೆ ಕಟ್ಟಿಕೊಂಡೇ ನಿಂತಿದ್ದಳು, ಕಣ್ಣು ತುಂಬಿತ್ತು. ಅಕ್ಕ ಅದನ್ನು ಗಮನಿಸಲಿಲ್ಲ. ಕೈಗೆ ಗೊತ್ತಿರುವುದು ಬಾಯಿಗೆ ಬರಬೇಕಾದರೆ ಎಷ್ಟು ಕಷ್ಟ ನೋಡಿ ಎಂದು ಪಾಠ ಮುಂದುವರಿಸಿದಳು.

ಅವತ್ತಿನ ಹಾಳೆಗಳಲ್ಲಿ ಒಂದು ಹೀಗಿತ್ತು: "ಮೇಡಂ ನೀವು ಹಿಟ್ಟು ಹಾಳು ಮಾಡಿಸಿದಿರಿ. ಸಾಹೇಬರ ಮುಂದೆ ನನ್ನ ನಗಿಗೀಡು ಮಾಡಿದಿರಿ. ನನಗೆ ಬರುವುದು ಅದೊಂದೇ ಕೆಲಸ ಇತ್ತು, ಅದೂ ಬರುವುದಿಲ್ಲ ಅನ್ನಿಸಿತು." ಹೆಸರಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಅಕ್ಕ ಇನ್ನೊಮ್ಮೆ ಓದಿಸಿದಳು.

ಮುಂದಿನ ಸೋಮವಾರ ರಜೆ ಹಾಕಿ ಅಫಜಲಪುರಕ್ಕೆ ಹೋದಳು. ನಾನೂ ಜೊತೆಗಿದ್ದೆ. ಭಾಗಮ್ಮ ಅವಳನ್ನು ಕಂಡು ಗಾಬರಿಯಾಗಿ ಎದ್ದು ನಿಂತಳು. ಅಕ್ಕ ಅಡುಗೆಮನೆಯ ನೆಲದ ಮೇಲೆ ಕೂತು, ನನ್ನಿಂದ ತಪ್ಪಾಯಿತವ್ವ ಎಂದಳು. ಆ ಮೇಲೆ ರೊಟ್ಟಿಯ ಆಟದಲ್ಲಿ ಮೊದಲು ತಾನೇ ಕಲಿಯುವವಳಾಗಿ ಕೂರುತ್ತಿದ್ದಳು. ಅವಳಿಗೆ ರೊಟ್ಟಿ ನೆಟ್ಟಗೆ ಬರುತ್ತಿರಲಿಲ್ಲ. ಅತ್ತೆಯ ಮನೆಯಲ್ಲಿ ಇದಕ್ಕಾಗಿ ಬೈಸಿಕೊಂಡವಳು. ರೊಟ್ಟಿ ಕೈಯಲ್ಲೇ ಹರಿದು ಬೀಳುತ್ತಿತ್ತು, ಮಂದಿ ಅವಳನ್ನು ನೋಡಿ ನಗುತ್ತಿದ್ದರು. ಭಾಗಮ್ಮ ಮುಂದಿನ ಎರಡು ತರಬೇತಿಗೆ ಕರೆಯದಿದ್ದರೂ ಬಂದು, ಹಿಟ್ಟನ್ನು ಮುಷ್ಟಿಯಲ್ಲಿ ಹಿಡಿದರೆ ಹೇಗಿರಬೇಕು, ಬೆರಳು ಎಲ್ಲಿರಬೇಕು ಎಂದು ಬಾಯಲ್ಲೇ ಹೇಳಿ ತೋರಿಸಿದಳು. ಅಷ್ಟು ಚೆನ್ನಾಗಿ ಹೇಳಿಕೊಡುವವರನ್ನು ನಾನು ಬೇರೆ ಕಂಡಿಲ್ಲ.

ಪ್ರತಿ ಹಾಳೆಗೂ ಹೀಗೆ ಏನಾದರೂ ಒಂದು ಬದಲಾಗುತ್ತಿತ್ತು. ಅದಕ್ಕೇ ಅವಳು ಅವನ್ನು ಕಟ್ಟು ಕಟ್ಟಿ ಕಪಾಟಿನಲ್ಲಿ ಇಟ್ಟಿದ್ದಳು. ಕೀಲಿಕೈ ನನ್ನ ಉಡದಾರದಲ್ಲಿ ಇರುತ್ತಿತ್ತು.

ಕೆಡುಕು ಶುರುವಾದದ್ದು ಆಳಂದದಲ್ಲಿ. ತೊಗರಿ ಮಾರುಕಟ್ಟೆಗೆ ಬರುವ ಕಾಲ. ಬೆಳಿಗ್ಗೆ ಹಾಜರಿ ಪುಸ್ತಕದಲ್ಲಿ ಮೂರೂ ದಿನದ ಸಹಿ ಒಮ್ಮೆಲೇ ಹಾಕಿ ಅರ್ಧ ಮಂದಿ ಎದ್ದು ಹೋದರು. ಒಬ್ಬರು ತೊಗರಿ ಮಾರಲು ಅಡತಿ ಅಂಗಡಿಗೆ, ಒಬ್ಬರು ಹೊಲಕ್ಕೆ. ಇದು ಎಲ್ಲ ತರಬೇತಿಯಲ್ಲೂ ನಡೆಯುವುದೇ. ಸಹಿ ಇದ್ದರೆ ಪ್ರಮಾಣಪತ್ರ ಬರುತ್ತದೆ, ಪ್ರಮಾಣಪತ್ರ ಇದ್ದರೆ ಬಡ್ತಿಗೆ ದಾರಿ. ಅಕ್ಕ ಹೋದವರ ಸಹಿಯ ಮೇಲೆ ಕೆಂಪು ಗೆರೆ ಎಳೆದಳು. ನಾನು ಬೇಡ ಅಕ್ಕಾ ಎಂದೆ. ಹೊಸ ಹುಡುಗನಿಗೆ ಯಂತ್ರ ತೋರಿಸುವ ಮನುಷ್ಯ ಇಲ್ಲಿ ಕೂರದೇ ಕೂತೆ ಅಂತ ಬರೆದರೆ, ಅವನು ಅಲ್ಲಿ ತೋರಿಸದೇ ತೋರಿಸಿದೆ ಅನ್ನುತ್ತಾನೆ ಎಂದಳು. ಗೆರೆ ಎಳೆಸಿಕೊಂಡವರಲ್ಲಿ ಇಬ್ಬರು ನಮ್ಮ ವಿಭಾಗಕ್ಕೆ ಹೊಸದಾಗಿ ಬಂದಿದ್ದ ಸಾಹೇಬರಿಗೆ ಬೇಕಾದವರು.

ಸಾಹೇಬರು ನನ್ನನ್ನು ಕರೆಸಿದರು. ಕುರ್ಚಿ ತೋರಿಸಿದರು. ಹನ್ನೊಂದು ವರ್ಷದಲ್ಲಿ ಆ ಕೋಣೆಯಲ್ಲಿ ನಾನು ಕುರ್ಚಿಯ ಮೇಲೆ ಕೂತಿರಲಿಲ್ಲ. ಚಹಾ ಬಂತು.

"ನಿಮ್ಮ ಅಕ್ಕಾರ ಮ್ಯಾಲ ಮಂದಿ ಏನೇನೋ ಬರದು ಕೊಟ್ಟಾರಂತಲ್ಲ. ಎಲ್ಲವ ಆ ಹಾಳಿ?"

"ಕಪಾಟಿನ್ಯಾಗ ಅವರಿ."

"ತಂದು ಕೊಡು. ಕಾಯಂ ಮಾಡೋ ಪಟ್ಟಿ ನನ್ನ ಟೇಬಲ್ ಮ್ಯಾಲ ಅದ."

ಅಷ್ಟೇ ಮಾತು. ಬೆದರಿಕೆ ಹಾಕಲಿಲ್ಲ. ನನಗೆ ಅಕ್ಕನ ಮೇಲೆ ಸಿಟ್ಟಿತ್ತು, ಅದನ್ನೂ ಬರೆದುಬಿಡುತ್ತೇನೆ. ಹನ್ನೊಂದು ವರ್ಷ ಅವಳ ಪೆಟ್ಟಿಗೆ ಹೊತ್ತಿದ್ದೆ. ನನ್ನ ಸಲುವಾಗಿ ಒಂದು ಮಾತು ಹೇಳು ಎಂದು ಎಷ್ಟು ಸಲ ಕೇಳಿದರೂ, ತಮ್ಮ ಅಂತ ಹೇಳಲಾರೆ, ನಿನ್ನ ಸರದಿ ಬಂದಾಗ ಬರುತ್ತದೆ ಎನ್ನುತ್ತಿದ್ದಳು. ನನ್ನ ನಂತರ ಸೇರಿದವರು ಯಾರು ಯಾರನ್ನೋ ಹಿಡಿದು ಕಾಯಂ ಆಗಿದ್ದರು. ಕಟ್ಟು ಒಯ್ದು ಟೇಬಲ್ ಮೇಲೆ ಇಟ್ಟೆ. ಅವು ಏನೆಂದು ನನಗೆ ಗೊತ್ತಿತ್ತು. ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಒಂದು ತಿಂಗಳಿಗೆ ವಿಚಾರಣೆ ಬಂತು. ಅಕ್ಕ ಆಗ ಜೇವರ್ಗಿಯಲ್ಲಿ ತರಬೇತಿ ನಡೆಸುತ್ತಿದ್ದಳು. ಮೂವರು ಅಲ್ಲಿಗೇ ಬಂದರು. ಮಂದಿಯನ್ನು ಹೊರಗೆ ಕಳಿಸಿ, ಅದೇ ಕೋಣೆಯಲ್ಲಿ ಮೇಜು ಹಾಕಿಸಿಕೊಂಡು ಕೂತರು. ನಾನು ಬಾಗಿಲ ಬಳಿ ನಿಂತಿದ್ದೆ. ಕಟ್ಟು ಬಿಚ್ಚಿ ಒಂದೊಂದೇ ದೂರು ಎಂದು ಓದಿದರು. ಮಾತು ಮುಗಿಸಗೊಡುವುದಿಲ್ಲ. ಕಣ್ಣಲ್ಲಿ ಹೆದರಿಸುತ್ತಾರೆ. ಕೆಳಗಿನ ನೌಕರರನ್ನು ನಗೆಗೀಡು ಮಾಡುತ್ತಾರೆ. ಭಾಗಮ್ಮನ ಹಾಳೆಯನ್ನು ಎರಡು ಸಲ ಓದಿದರು.

ಅಕ್ಕನಿಗೆ ಮೊದಲು ಇದು ತಮಾಷೆ ಅನ್ನಿಸಿರಬೇಕು. ಇವು ನಾನೇ ಕೇಳಿ ಬರೆಸಿದವು ಎಂದಳು. ಯಾವ ಹಾಳೆ ಬಂದ ಮೇಲೆ ಏನು ಬದಲು ಮಾಡಿದೆ ಎಂದು ಹೇಳತೊಡಗಿದಳು. ನಡುವೆ ಕೂತವರು ತಡೆದರು. ನೀವೇ ಕೇಳಿದ್ದು ಎನ್ನುವುದಕ್ಕೆ ಪುರಾವೆ ಏನು, ಹಾಳೆಯ ಮೇಲೆ ಪ್ರಶ್ನೆಯೇ ಇಲ್ಲ. ಕಲಿತವರನ್ನು ಕೇಳಿ ಎಂದರೆ, ಅವರ ಪ್ರಮಾಣಪತ್ರ ನಿಮ್ಮ ಕೈಯಲ್ಲಿದೆ, ನೀವು ಹೇಳಿದ್ದನ್ನೇ ಹೇಳುತ್ತಾರೆ ಎಂದರು.

ಅಕ್ಕ ನನ್ನ ಕಡೆ ಕೈ ಮಾಡಿದಳು. "ನನ್ನ ತಮ್ಮನ್ನ ಕೇಳ್ರಿ. ಪ್ರತಿ ಹಾಳಿ ಅವನ ನನಗ ಓದಿ ಹೇಳ್ಯಾನ. ನಾ ಏನ್ ಹೇಳಿ ಬರಸ್ತಿದ್ದೆ, ಓದಿದ ಮ್ಯಾಲ ಏನ್ ಮಾಡ್ತಿದ್ದೆ, ಎಲ್ಲಾ ಅವನಿಗಿ ಗೊತ್ತದ."

ಮೂವರೂ ನನ್ನ ಕಡೆ ತಿರುಗಿದರು. ನನ್ನ ಹೆಸರು ಪಟ್ಟಿಯಲ್ಲಿ ಸೇರಿದೆ ಎಂದು ಹಿಂದಿನ ದಿನವಷ್ಟೇ ತಿಳಿದಿತ್ತು.

"ಸಾಹೇಬ್ರ, ನನಗ ಓದಾಕ ಬರಂಗಿಲ್ರಿ," ಎಂದೆ. "ಹಾಳಿ ಹಂಚ್ತೇನಿ, ಕೂಡಿಸಿ ಇಡ್ತೇನಿ. ಅದರಾಗ ಏನದ ನನಗ ಗೊತ್ತಿಲ್ರಿ."

ಹಿರಿಯರೊಬ್ಬರು ಪೆನ್ನು ಕೆಳಗಿಟ್ಟು ಅಕ್ಕನನ್ನು ಕೇಳಿದರು. ಇವನು ಸುಳ್ಳು ಹೇಳುತ್ತಿದ್ದರೆ ಈಗಲೇ ಹೇಳಿ, ವಿಚಾರಣೆಯಲ್ಲಿ ಸುಳ್ಳು ಹೇಳಿದವನು ನಾಳೆಯಿಂದ ಕೆಲಸದಲ್ಲಿ ಇರುವುದಿಲ್ಲ ಎಂದರು.

ಅಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಬಹಳ ಹೊತ್ತು ಒರೆಸಿದಳು.

"ಹೌದ್ರಿ. ಅವನಿಗಿ ಓದಾಕ ಬರಂಗಿಲ್ಲ. ನಾನ ತಪ್ಪು ಹೇಳಿದೆ."

ಈಗಲೂ ನನಗೆ ತಡೆಯಲಾಗದ ಸಿಟ್ಟು ಬರುವುದು ಅದರ ಮೇಲೆ. ಸುಳ್ಳು ಅನ್ನಬೇಕಿತ್ತು. ಒಂದು ಹಾಳೆ ನನ್ನ ಕೈಗೆ ಕೊಟ್ಟು, ಓದು ಅನ್ನಬೇಕಿತ್ತು. ನನ್ನ ಕೆಲಸ ಹೋಗುತ್ತಿತ್ತು, ಮತ್ತೆ ಬೇಳೆ ಮಿಲ್ಲಿಗೆ ಹೋಗುತ್ತಿದ್ದೆ, ಇಷ್ಟು ವರ್ಷ ಅನ್ನ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿರಲಿಲ್ಲ. ಹೀಗೆ ಅವಳ ಮೇಲೆಯೇ ಸಿಟ್ಟಾಗುವುದು ಸುಲಭ ಎಂದೂ ಗೊತ್ತಿದೆ.

ಆ ವಿಚಾರಣೆಯ ಮೇಲೆ ತರಬೇತಿ ಹೊರಗಿನ ಒಂದು ಸಂಸ್ಥೆಗೆ ಹೋಯಿತು. ಈಗ ಮೊಬೈಲಿನಲ್ಲಿ ವಿಡಿಯೋ ಬರುತ್ತದೆ, ಕೊನೆಗೆ ನಾಲ್ಕು ಪ್ರಶ್ನೆ. ನನಗೂ ಎರಡು ವರ್ಷದ ಹಿಂದೆ ಹೊಸ ಸಹಾಯಕರ ಮೇಲ್ವಿಚಾರಣೆ ಕೊಟ್ಟರು. ನನ್ನ ತರಬೇತಿಯನ್ನು ಸೊಸೆ ಒಲೆಯ ಮುಂದೆ ನಿಂತು ಬೆರಳಾಡಿಸಿ ಮುಗಿಸಿದಳು. 'ಅತ್ಯುತ್ತಮ' ಎಂದು ಪ್ರಮಾಣಪತ್ರ ಬಂತು.

ಅಕ್ಕನನ್ನು ಟಪಾಲು ವಿಭಾಗಕ್ಕೆ ಹಾಕಿದರು. ನಿವೃತ್ತಿಯವರೆಗೆ ಲಕೋಟೆಗಳನ್ನು ನಮೂದಿಸುತ್ತ ಕೂತಳು. ನಾನು ಕಾಯಂ ಆದ ಆದೇಶ ಬಂದದ್ದೂ ಅವಳ ಮೇಜಿಗೇ. ತಾನೇ ಎದ್ದು ತಂದಳು. ನಾನು ಕೈ ಚಾಚಿದೆ. ಕೊಡಲಿಲ್ಲ. ನಾಲ್ಕು ಜನರ ಮುಂದೆ ನಿಂತು, ನನ್ನ ಹೆಸರಿನಿಂದ ಹಿಡಿದು ಕೆಳಗಿನ ಸಹಿಯವರೆಗೆ ಒಂದೂ ಸಾಲು ಬಿಡದೆ ಓದಿ ಹೇಳಿ, ಆಮೇಲೆ ಮಡಚಿ ನನ್ನ ಕಿಸೆಗೆ ಇಟ್ಟಳು.

ಅಂದಿನಿಂದ ಅವಳು ನನಗೆ ಓದಲು ಏನನ್ನೂ ಕೊಡಲಿಲ್ಲ. ಮದುವೆಯ ಕಾರ್ಡು ಬಂದರೆ ತಾನೇ ಓದುವಳು. ಇಬ್ಬರೇ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಗಲೂ, ಬಂದ ಬಸ್ಸಿನ ಬೋರ್ಡು ನೋಡಿ, "ಇದು ಅಫಜಲಪುರದ್ದು ತಮ್ಮಾ, ನಮ್ಮದಲ್ಲ" ಎನ್ನುತ್ತಿದ್ದಳು. ಧ್ವನಿಯಲ್ಲಿ ಚುಚ್ಚು ಇರಲಿಲ್ಲ. ನನ್ನ ಸುಳ್ಳನ್ನು ಕಾಯುತ್ತಿದ್ದಳೋ, ನನ್ನನ್ನು ಸುಡುತ್ತಿದ್ದಳೋ, ನನಗೆ ತಿಳಿಯಲಿಲ್ಲ. ನಾನು ಹೂಂ ಎನ್ನುತ್ತಿದ್ದೆ. ಏಳು ವರ್ಷ ಹೂಂ ಎಂದೆ.

ಅವಳು ಹೋದ ಮೇಲೆ ವಿಭಾಗದಲ್ಲಿ ನುಡಿನಮನ ಇಟ್ಟರು. ಮಾಲೆ ಹಾಕಿದ ಫೋಟೋ. ಅವಳನ್ನು ಟಪಾಲಿಗೆ ಕಳಿಸಿದವರೇ ಶಿಸ್ತಿನ ಹೆಣ್ಣುಮಗಳು ಎಂದು ಹೊಗಳಿದರು. ನನ್ನನ್ನೂ ಎರಡು ಮಾತಾಡಲು ಕರೆದರು. ಅವತ್ತು ಹೇಳಿಬಿಡಬೇಕೆಂದು ಗಟ್ಟಿ ಮಾಡಿಕೊಂಡು ಹೋಗಿದ್ದೆ. ಮೈಕಿನ ಮುಂದೆ ನಿಂತೆ. "ನನಗ ಓದಾಕ ಬರ್ತದರಿ. ನಮ್ಮ ಅಕ್ಕ ಕಲಿಸ್ಯಾಳ," ಎಂದೆ. ಮುಂದಿನದು ಬರಲಿಲ್ಲ. ಮುಂದೆ ಕೂತವರು ಕಣ್ಣು ಒರೆಸಿಕೊಂಡರು. ನಿರೂಪಣೆ ಮಾಡುತ್ತಿದ್ದವರು, ಇದಕ್ಕಿಂತ ದೊಡ್ಡ ಶ್ರದ್ಧಾಂಜಲಿ ಯಾವುದಿದೆ ಎಂದು ಮೈಕು ತೆಗೆದುಕೊಂಡರು. ತಪ್ಪೊಪ್ಪಿಗೆ ಅಂತ ನಿಂತವನು ಹೊಗಳಿಕೆ ತೆಗೆದುಕೊಂಡು ಇಳಿದೆ.

ಹೊರಗೆ ಭಾಗಮ್ಮ ಕಾದಿದ್ದಳು. ಅಫಜಲಪುರದಿಂದ ಒಬ್ಬಳೇ ಬಂದಿದ್ದಳು, ಕೂದಲು ಬೆಳ್ಳಗಾಗಿತ್ತು. ನಿಮಗೊಂದು ಮಾತು ಹೇಳಬೇಕು ಎಂದು ಪಕ್ಕಕ್ಕೆ ಕರೆದಳು. ತನ್ನ ಹಾಳೆಯಿಂದಲೇ ಅಕ್ಕಾವರ ತರಬೇತಿ ನಿಂತದ್ದು ಎಂದು ಆಗಲೇ ಸುದ್ದಿ ಬಂದಿತ್ತಂತೆ. ಅಕ್ಕ ಎರಡು ಸಲ ಹೇಳಿಕಳಿಸಿದರೂ ಮುಖ ತೋರಿಸಲಾಗದೆ ಹೋಗಲಿಲ್ಲವಂತೆ. ತಮ್ಮನಾದ ನಾನಾದರೂ ತನ್ನನ್ನು ಕ್ಷಮಿಸಬೇಕು ಎಂದು ಕೈ ಮುಗಿದಳು.

ಆ ಕೈಗಳನ್ನು ನೋಡಿದ ಮೇಲೆ ನಾನು ಬಾಯಿ ಬಿಟ್ಟೆ. "ನಿಮ್ಮ ಹಾಳಿಯಿಂದ ಅಲ್ಲ ಭಾಗಮ್ಮ. ಕಟ್ಟು ಒಯ್ದು ಕೊಟ್ಟಾಂವ ನಾ. ಓದಾಕ ಬರಂಗಿಲ್ಲ ಅಂತ ಸುಳ್ಳು ಹೇಳಿದಾಂವನೂ ನಾನ. ನೌಕರಿ ಸಲುವಾಗಿ."

ಅವಳು ಮುಗಿದ ಕೈ ಬಿಡಿಸಿದಳು. ಬೈಯುತ್ತಾಳೆ ಎಂದು ಕಾದೆ, ಬೈದಿದ್ದರೆ ಒಳ್ಳೆಯದಿತ್ತು.

"ಏಳು ವರ್ಷ ಆತ್ರಿ," ಎಂದಳು. "ನನ್ನ ಕೈ ಕೆಳಗ ಎಷ್ಟು ಹೆಣ್ಮಕ್ಕಳು ಕೆಲಸಕ್ಕ ಬಂದ್ರು. ಮ್ಯಾಲಿನವರು ಏನರೇ ಕೇಳಿದ್ರ ಎಲ್ಲಾ ಛಲೋ ಅದ ಅನ್ರಿ, ತಪ್ಪು ಒಂದೂ ಹೇಳಬ್ಯಾಡ್ರಿ ಅಂತ ಅವರಿಗೆಲ್ಲಾ ಕಲಿಸೇನಿ. ಈಗ ಯಾರ್ಯಾರನ್ನ ಹುಡುಕ್ಯಾಡಿ ಹೇಳ್ಲಿ?"

ಆಮೇಲೆ ತಲೆಯ ಮೇಲೆ ಸೆರಗು ಹೊದ್ದು ಬಸ್‌ಸ್ಟ್ಯಾಂಡಿನ ಕಡೆ ನಡೆದಳು.